ಹುಟ್ಟಿದ ಮಗು ಯಾವ ದೇಶದ್ದು?

2025ರ ಜನವರಿ 21ರ ಬೆಳಿಗ್ಗೆ ಎಂಟೂವರೆ ಇರಬೇಕು. ಒಹಾಯೊದ ಕೊಲಂಬಸ್‌ನಿಂದ ಅಕ್ಕನ ಮಗಳ ಫೋನು ಬಂತು. ಅಲ್ಲಿ ಇನ್ನೂ ಹಿಂದಿನ ದಿನದ ರಾತ್ರಿ. ಅವಳಿಗೆ ಆಗ ಏಳು ತಿಂಗಳು. ಗಂಡ ಹೆಂಡತಿ ಇಬ್ಬರೂ ಎಚ್‌-1ಬಿ ವೀಸಾದ ಮೇಲೆ ಇರುವವರು. ಗ್ರೀನ್ ಕಾರ್ಡಿನ ಸರತಿಯಲ್ಲಿ ನಿಂತು ಎಷ್ಟೋ ವರ್ಷಗಳಾಗಿವೆ.

"ಮಾಮಾ, ನ್ಯೂಸ್ ನೋಡಿದ್ರಾ?"

ನೋಡಿರಲಿಲ್ಲ. ಅಧ್ಯಕ್ಷ ಟ್ರಂಪ್ ಅಧಿಕಾರ ಸ್ವೀಕರಿಸಿದ ದಿನವೇ ಒಂದು ಆದೇಶಕ್ಕೆ ಸಹಿ ಹಾಕಿದ್ದರು. ತಾಯಿ ಅಕ್ರಮವಾಗಿ ನೆಲೆಸಿದ್ದರೆ, ಅಥವಾ ತಾತ್ಕಾಲಿಕ ವೀಸಾದ ಮೇಲೆ ಬಂದಿದ್ದರೆ, ತಂದೆಯೂ ಪ್ರಜೆಯಾಗಲಿ ಕಾಯಂ ನಿವಾಸಿಯಾಗಲಿ ಅಲ್ಲದಿದ್ದರೆ, ಅಲ್ಲಿ ಹುಟ್ಟಿದ ಮಗುವಿಗೆ ಅಮೆರಿಕದ ಪೌರತ್ವವಿಲ್ಲ. ಮೂವತ್ತು ದಿನಗಳ ನಂತರ ಹುಟ್ಟುವ ಮಕ್ಕಳಿಗೆ ಇದು ಅನ್ವಯ. ಅಕ್ಕನ ಮಗಳಿಗೆ ಡಾಕ್ಟರು ಕೊಟ್ಟಿದ್ದ ದಿನಾಂಕ ಮಾರ್ಚ್ ಕೊನೆಯ ವಾರ. ಅವಳಿಗೆ ಗೊತ್ತಿದ್ದ ಯಾರೋ ಒಬ್ಬರು ಆಗಲೇ, ಸಿಸೇರಿಯನ್ ಮಾಡಿ ಮೊದಲೇ ಹೆರಿಗೆ ಮಾಡಿಸಲು ಆಗುತ್ತದೆಯೇ ಎಂದು ವಿಚಾರಿಸುತ್ತಿದ್ದರಂತೆ.

"ನೀವು ಹಿಸ್ಟರಿ ಪಾಠ ಮಾಡಿದವರಲ್ವಾ? ಹೇಳಿ, ಹೀಗೆ ಒಂದು ಸಹಿಯಲ್ಲಿ ತೆಗೆದುಹಾಕೋಕೆ ಆಗತ್ತಾ?" ಎಂದಳು. ನಾನು ಏನೋ ಒಂದು ಸಮಾಧಾನ ಹೇಳಿದೆ. ಫೋನಿಡುವ ಮುಂಚೆ ಅವಳು ಇನ್ನೊಂದು ಮಾತು ಹೇಳಿದಳು: "ಇದೆಲ್ಲ ಕನ್ಸರ್ವೇಟಿವ್‌ಗಳ ಕೆಲಸ ಮಾಮಾ. ಲಿಬರಲ್‌ಗಳು ಯಾವತ್ತೂ ನಮ್ಮ ಕಡೆ."

ಹಾಸನದ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಬಹಳ ವರ್ಷ ಇತಿಹಾಸ ಹೇಳಿದವನು ನಾನು. ಆಧುನಿಕ ಅಮೆರಿಕ ಒಂದು ಸೆಮಿಸ್ಟರಿನ ಪತ್ರಿಕೆಯಾಗಿತ್ತು. ಆ ಪತ್ರಿಕೆಯಲ್ಲಿ ನಾನೂ ಸರಿಸುಮಾರು ಇದನ್ನೇ ಹೇಳಿಕೊಟ್ಟಿದ್ದೆ. ಒಂದು ಕಡೆ ಒಳಗೆ ಬನ್ನಿ ಎನ್ನುವವರು, ಇನ್ನೊಂದು ಕಡೆ ಬಾಗಿಲು ಹಾಕುವವರು. ಅವಳ ಪ್ರಶ್ನೆಗೆ ನೆಟ್ಟಗೆ ಉತ್ತರ ಹುಡುಕಬೇಕೆಂದು ಹಳೆಯ ಪುಸ್ತಕಗಳನ್ನು ಮತ್ತೆ ತೆರೆದು ಕೂತಾಗ, ಈ ಎರಡು ಸಾಲಿನ ಪಾಠ ನಿಲ್ಲಲಿಲ್ಲ.

ಅದಕ್ಕೂ ಮುಂಚೆ ನಾನು ಕಣ್ಣಾರೆ ಕಂಡ ಒಂದು ದೃಶ್ಯ ಹೇಳಬೇಕು. 2016ರ ಶರತ್ಕಾಲದಲ್ಲಿ ಮೂರು ತಿಂಗಳು ನಾನು ಅವಳ ಮನೆಯಲ್ಲಿದ್ದೆ. ಚುನಾವಣೆಯ ಕಾವು. ಅವಳ ಬಾಡಿಗೆ ಮನೆಯ ಎದುರು ಎರಡು ಮನೆಗಳು ಅಕ್ಕಪಕ್ಕದಲ್ಲಿದ್ದವು. ಒಂದರ ಹುಲ್ಲುಹಾಸಿನ ಮೇಲೆ ಟ್ರಂಪ್ ಫಲಕ, ಇನ್ನೊಂದರ ಮೇಲೆ ಹಿಲರಿ ಕ್ಲಿಂಟನ್ ಫಲಕ. ಬೆಳಿಗ್ಗೆ ವಾಕಿಂಗ್ ಹೊರಟರೆ ಎರಡೂ ಮನೆಯವರು ನನಗೆ ಕೈ ಬೀಸುತ್ತಿದ್ದರು. ಅವರವರೇ ಒಬ್ಬರಿಗೊಬ್ಬರು ಕೈ ಬೀಸಿದ್ದನ್ನು ನಾನು ನೋಡಲಿಲ್ಲ. ನವೆಂಬರ್ 8ಕ್ಕೆ ಮತದಾನ ಮುಗಿಯಿತು. ಮೂರು ದಿನ ಕಳೆದು 11ನೇ ತಾರೀಖು, ಮಾಜಿ ಸೈನಿಕರ ದಿನ, ಎರಡೂ ಮನೆಗಳ ಮುಂದೆ ಒಂದೇ ಅಳತೆಯ ಬಾವುಟ ಹಾರುತ್ತಿತ್ತು. ಒಂದೇ ಅಂಗಡಿಯಲ್ಲಿ ಕೊಂಡಿರಬೇಕು. ಇಬ್ಬರಿಗೂ ದೇಶಪ್ರೇಮದ ಕೊರತೆ ಏನೂ ಇರಲಿಲ್ಲ. ಆ ದೇಶ ಯಾರದು ಎಂಬಲ್ಲಿ ಮಾತ್ರ ಅವರ ಉತ್ತರಗಳು ಬೇರೆಯಾಗಿದ್ದವು.

ಮೊದಲು ಈ ಎರಡು ಪದಗಳ ತೊಡಕು. ಕನ್ನಡದಲ್ಲಿ ಲಿಬರಲ್‌ ಅಂದರೆ ಉದಾರವಾದಿ, ಕನ್ಸರ್ವೇಟಿವ್ ಅಂದರೆ ಸಂಪ್ರದಾಯವಾದಿ ಎಂದು ಬರೆದು ಮುಂದೆ ಹೋಗುತ್ತೇವೆ. ಸಂಪ್ರದಾಯವಾದಿ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಮಡಿ, ಮಠ, ಜಾತಿ, ಕುಲಾಚಾರ. ಅಮೆರಿಕದಲ್ಲಿ ಕಾಪಾಡಿಕೊಳ್ಳಲು ಅರಸೊತ್ತಿಗೆಯಾಗಲಿ ಪಾಳೆಯಗಾರಿಕೆಯಾಗಲಿ ಇರಲೇ ಇಲ್ಲ. 1955ರಲ್ಲಿ ಲೂಯಿ ಹಾರ್ಟ್ಜ್ ಎಂಬ ವಿದ್ವಾಂಸರು ಒಂದು ಪುಸ್ತಕ ಬರೆದು, ಈ ದೇಶದಲ್ಲಿ ಸಂಪ್ರದಾಯವೆಂದು ಉಳಿಸಿಕೊಳ್ಳಲು ಇರುವುದೇ ಹದಿನೆಂಟನೇ ಶತಮಾನದ ಉದಾರವಾದ ಎಂದು ವಾದಿಸಿದರು. 1930ರ ದಶಕದಲ್ಲಿ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ತಮ್ಮ ಸರ್ಕಾರಿ ಯೋಜನೆಗಳಿಗೆ ಲಿಬರಲ್ ಎಂಬ ಹೆಸರು ಅಂಟಿಸಿಕೊಂಡಾಗ, ಸೋತ ಅಧ್ಯಕ್ಷ ಹರ್ಬರ್ಟ್ ಹೂವರ್ ಅವರಿಗೆ ಕೋಪ ಬಂತು. ನಿಜವಾದ ಲಿಬರಲ್ ತಾನು, ತನ್ನ ಪದವನ್ನು ಕದ್ದಿದ್ದಾರೆ ಎಂಬುದು ಅವರ ದೂರು. ಇಂದು ಹೂವರ್ ಅವರನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ.

ಹಾಗಾಗಿ ಇಬ್ಬರ ಜಗಳವೂ ಒಂದೇ ಮನೆಯ ಒಳಗಿನದು. 1776ರ ಘೋಷಣೆ ಇಬ್ಬರಿಗೂ ಪವಿತ್ರ. ಅಮೆರಿಕನ್ ಎಂಬುದು ಕೆಲವು ತತ್ವಗಳಿಗೆ ಒಪ್ಪಿ ಯಾರು ಬೇಕಾದರೂ ಆಗಬಹುದಾದದ್ದು ಎಂಬುದು ಒಂದು ಉತ್ತರ. ಇಂತಹ ಜನ, ಇಂತಹ ನುಡಿ, ಇಂತಹ ಧರ್ಮದವರು ಕಟ್ಟಿ, ಅವರ ಮಕ್ಕಳಿಗೆ ಬಿಟ್ಟುಹೋದ ಆಸ್ತಿ ಎಂಬುದು ಇನ್ನೊಂದು. ಮೊದಲನೆಯದು ಲಿಬರಲ್‌ಗಳದು, ಎರಡನೆಯದು ಕನ್ಸರ್ವೇಟಿವ್‌ಗಳದು ಎಂದು ನಾವು ಹಂಚಿಕೊಟ್ಟುಬಿಡುತ್ತೇವೆ. ಕಡತಗಳು ಹಾಗೆ ಹಂಚುವುದಿಲ್ಲ.

ಅಕ್ಕನ ಮಗಳ ಪ್ರಶ್ನೆಯ ಬೇರು ಇರುವುದು 1866ರ ಸೆನೆಟ್ ಚರ್ಚೆಯಲ್ಲಿ. ಅಂತರ್ಯುದ್ಧ ಮುಗಿದು ಒಂದು ವರ್ಷವಾಗಿತ್ತು. ಕರಿಯರು ಪ್ರಜೆಗಳೇ ಅಲ್ಲ ಎಂದು 1857ರಲ್ಲಿ ಸುಪ್ರೀಂ ಕೋರ್ಟ್ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ ಹೇಳಿತ್ತು. ಅದನ್ನು ಅಳಿಸಲು ಲಿಂಕನ್ನರ ರಿಪಬ್ಲಿಕನ್ ಪಕ್ಷ ಸಂವಿಧಾನಕ್ಕೆ ಹದಿನಾಲ್ಕನೇ ತಿದ್ದುಪಡಿ ತಂದಿತು. ಈ ನೆಲದಲ್ಲಿ ಹುಟ್ಟಿ ಇಲ್ಲಿನ ಕಾನೂನಿಗೆ ಒಳಪಟ್ಟವರೆಲ್ಲ ಪ್ರಜೆಗಳು. ಪೆನ್ಸಿಲ್ವೇನಿಯಾದ ಸೆನೆಟರ್ ಎಡ್ಗರ್ ಕೌವನ್ ಎದ್ದು ನಿಂತು, ಹಾಗಾದರೆ ಚೀನೀಯರ ಮಕ್ಕಳು, ಜಿಪ್ಸಿಗಳ ಮಕ್ಕಳೂ ಪ್ರಜೆಗಳಾಗುತ್ತಾರೆಯೇ ಎಂದು ಕೇಳಿದರು. ಕ್ಯಾಲಿಫೋರ್ನಿಯಾದ ಜಾನ್ ಕಾನೆಸ್ ಹೌದು, ಆಗುತ್ತಾರೆ ಎಂದರು. ಕಾನೆಸ್ ಸ್ವತಃ ಐರ್ಲೆಂಡಿನಲ್ಲಿ ಹುಟ್ಟಿ ವಲಸೆ ಬಂದವರು. ಕೇಳಿದವರೂ ಉತ್ತರಿಸಿದವರೂ ಆಗ ಒಂದೇ ಪಕ್ಷದವರು. 1868ರಲ್ಲಿ ತಿದ್ದುಪಡಿ ಜಾರಿಗೆ ಬಂತು.

ಅದು ಮೊದಲು ಗಂಭೀರವಾಗಿ ಪರೀಕ್ಷೆಗೆ ಒಳಗಾದದ್ದು ಒಬ್ಬ ಅಡುಗೆಯವನ ಮೇಲೆ. ವಾಂಗ್ ಕಿಮ್ ಆರ್ಕ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದವನು. ತಂದೆತಾಯಿ ಚೀನಾದವರು. ಅವರು ಅಲ್ಲಿ ಎಷ್ಟು ವರ್ಷ ಇದ್ದರೂ ಪ್ರಜೆಗಳಾಗಲು ಕಾನೂನಿನಲ್ಲಿ ಅವಕಾಶವಿರಲಿಲ್ಲ. 1895ರಲ್ಲಿ ಮಗ ಚೀನಾಕ್ಕೆ ಹೋಗಿ ಬಂದಾಗ ಬಂದರಿನಲ್ಲೇ ತಡೆದರು; ಹಡಗಿನಿಂದ ಕೆಳಗೆ ಇಳಿಯಲು ಬಿಡಲಿಲ್ಲ. ತಾನು ಹುಟ್ಟಿದ ಊರು ಕಣ್ಣೆದುರಿಗೆ ಕಾಣುತ್ತಿದೆ, ಕಾಲಿಡುವಂತಿಲ್ಲ. 1898ರಲ್ಲಿ ಸುಪ್ರೀಂ ಕೋರ್ಟ್ ಆರು ಮತ್ತು ಎರಡರ ಬಹುಮತದಿಂದ ಅವನು ಹುಟ್ಟಿನಿಂದಲೇ ಅಮೆರಿಕದ ಪ್ರಜೆ ಎಂದಿತು.

ಇಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಭಿನ್ನಮತದ ಇಬ್ಬರಲ್ಲಿ ಒಬ್ಬರು ಜಾನ್ ಮಾರ್ಷಲ್ ಹಾರ್ಲನ್. ಎರಡೇ ವರ್ಷದ ಹಿಂದೆ, 1896ರಲ್ಲಿ, ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ರೈಲು ಡಬ್ಬಿ ಇರಬಹುದು ಎಂದು ಉಳಿದವರೆಲ್ಲ ಹೇಳಿದಾಗ ಒಂಟಿಯಾಗಿ ಅದನ್ನು ವಿರೋಧಿಸಿದ ಮಹಾನುಭಾವರು ಇವರೇ. ಇಂದಿಗೂ ಲಿಬರಲ್‌ಗಳು ಗೌರವದಿಂದ ನೆನೆಯುವ ತೀರ್ಪು ಅದು. ನಾನೂ ತರಗತಿಯಲ್ಲಿ ಹಾರ್ಲನ್ನರನ್ನು ಹೊಗಳಿದ್ದೆ. ಚೀನೀ ಅಡುಗೆಯವನ ವಿಷಯಕ್ಕೆ ಬಂದಾಗ ಅವರು ಇನ್ನೊಂದು ಬದಿಗೆ ಹೋಗಿ ನಿಂತಿದ್ದರು. ಇದನ್ನು ಪಠ್ಯಪುಸ್ತಕ ಹೇಳಿರಲಿಲ್ಲ, ನಾನೂ ಹುಡುಕಿರಲಿಲ್ಲ.

ಭಾರತೀಯರ ಕಥೆ ಇನ್ನೂ ಸೊಟ್ಟಗಿದೆ. 1790ರ ಕಾನೂನಿನಂತೆ ಹೊರಗಿನಿಂದ ಬಂದು ಪೌರತ್ವ ಪಡೆಯಲು ಬಿಳಿಯರಾಗಿರಬೇಕಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಏಷ್ಯಾದವರು ಮಾತ್ರ ಹೊರಗೇ ಉಳಿದರು. ಪಂಜಾಬಿನ ಭಗತ್ ಸಿಂಗ್ ಥಿಂದ್ 1918ರಲ್ಲಿ ಅಮೆರಿಕದ ಸೈನ್ಯದ ಸಮವಸ್ತ್ರ ತೊಟ್ಟಿದ್ದವರು. ಅವರ ಅರ್ಜಿ ಸುಪ್ರೀಂ ಕೋರ್ಟ್ ತನಕ ಹೋಯಿತು. ಥಿಂದ್ ಪರ ವಾದ ಓದುವಾಗ ನಮಗೆ ಮುಜುಗರವಾಗಬೇಕು: ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಕಕೇಷಿಯನ್, ಆದ್ದರಿಂದ ಬಿಳಿಯ. ಇಲ್ಲಿನ ಜಾತಿಯ ಏಣಿಯನ್ನೇ ಹೊತ್ತುಕೊಂಡು ಹೋಗಿ ಅಲ್ಲಿನ ಬಣ್ಣದ ಗೋಡೆಗೆ ಆನಿಸಿ ಹತ್ತಲು ನೋಡಿದರು. ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಮೂರು ತಿಂಗಳ ಹಿಂದೆ ಜಪಾನಿನ ತಕಾವೊ ಒಜಾವಾ ಎಂಬವರ ಅರ್ಜಿ ತಳ್ಳಿಹಾಕುವಾಗ, ಬಿಳಿಯ ಅಂದರೆ ಕಕೇಷಿಯನ್ ಎಂದಿದ್ದರು. ಈಗ ಥಿಂದ್ ಎದುರಿಗೆ ಬಂದಾಗ ಮಾತು ತಿರುಗಿತು. ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ಇವರು ಬಿಳಿಯರಲ್ಲ ಎಂಬ ತೀರ್ಪು ಬಂತು. ಸರ್ವಾನುಮತದ ತೀರ್ಪು, ಒಂದೂ ಭಿನ್ನಮತವಿಲ್ಲ. ಅಂದು 1923ರ ಫೆಬ್ರವರಿ 19. ಟ್ರಂಪ್ ಆದೇಶದ ಮೂವತ್ತು ದಿನ ಮುಗಿಯುವುದೂ ಫೆಬ್ರವರಿ 19ಕ್ಕೇ. ಇದು ಬರೀ ಕಾಕತಾಳೀಯ, ಗೊತ್ತು. ಆದರೂ ಕ್ಯಾಲೆಂಡರ್ ನೋಡಿ ಮೈ ಒಂದು ಕ್ಷಣ ಜುಮ್ಮೆಂದಿತು.

ಆ ತೀರ್ಪಿನ ನಂತರ, ಮೊದಲೇ ಪ್ರಜೆಗಳಾಗಿದ್ದ ಭಾರತೀಯರ ಪೌರತ್ವವನ್ನೂ ಕಿತ್ತುಕೊಳ್ಳತೊಡಗಿದರು. ಪೇಶಾವರದಿಂದ 1915ರಲ್ಲಿ ಹೆಂಡತಿ ಮಕ್ಕಳೊಂದಿಗೆ ಬಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಗಾಯ್ 1921ರಲ್ಲಿ ಪ್ರಜೆಯಾಗಿದ್ದರು. ಅದು ಹೋಯಿತು. ಭಾರತಕ್ಕೆ ಹೋಗಿಬರಲು ಕೇಳಿದ ಅಮೆರಿಕನ್ ಪಾಸ್‌ಪೋರ್ಟ್ ಸಿಗಲಿಲ್ಲ. ಬ್ರಿಟಿಷ್ ಪಾಸ್‌ಪೋರ್ಟಿನಲ್ಲಿ ಹೋಗಬಹುದಿತ್ತು; ಬ್ರಿಟಿಷರ ಆಳ್ವಿಕೆ ಬೇಡವೆಂದೇ ಹೊರಟುಬಂದ ಮನುಷ್ಯ ಅವರು. 1928ರಲ್ಲಿ ಬಗಾಯ್ ತಮ್ಮ ಜೀವ ತಾವೇ ಕೊನೆಗೊಳಿಸಿಕೊಂಡರು. ಮಕ್ಕಳನ್ನು ಅಮೆರಿಕನ್ನರಾಗಿಯೇ ಬೆಳೆಸಿದ್ದೆ, ಈಗ ತಾನು ಯಾರು ಎಂಬ ಧಾಟಿಯಲ್ಲಿ ಪತ್ರಿಕೆಗೆ ಬರೆದ ಪತ್ರವನ್ನು ಬಿಟ್ಟುಹೋದರು. ಪೌರತ್ವ ಎಂಬುದು ಕಾಗದದ ವಿಷಯ ಎಂದು ಯಾರಾದರೂ ಹಗುರವಾಗಿ ಹೇಳಿದಾಗ ನನಗೆ ಬಗಾಯ್ ನೆನಪಾಗುತ್ತಾರೆ.

ಬಾಗಿಲು ಸ್ವಲ್ಪ ತೆರೆದದ್ದು 1946ರಲ್ಲಿ. ಭಾರತೀಯರಿಗೆ ಪೌರತ್ವದ ಹಕ್ಕು ಮತ್ತು ವರ್ಷಕ್ಕೆ 100 ಜನರ ಕೋಟಾ. ಈ ಕಾನೂನನ್ನು ಲೂಸ್–ಸೆಲ್ಲರ್ ಕಾಯ್ದೆ ಎನ್ನುತ್ತಾರೆ. ಕ್ಲೇರ್ ಬೂತ್ ಲೂಸ್ ಕಟ್ಟಾ ಕನ್ಸರ್ವೇಟಿವ್, ರಿಪಬ್ಲಿಕನ್. ಇಮ್ಯಾನ್ಯುಯೆಲ್ ಸೆಲ್ಲರ್ ಬ್ರೂಕ್ಲಿನ್ನಿನ ಲಿಬರಲ್ ಡೆಮಾಕ್ರಟ್. ಇಬ್ಬರ ಹೆಸರೂ ಒಂದೇ ಕಾಯ್ದೆಯಲ್ಲಿ ಜೋಡಿಯಾಗಿ ಕೂತಿವೆ.

ಇನ್ನು 1965. ನಮ್ಮ ಕಡೆಯ ಡಾಕ್ಟರು, ಎಂಜಿನಿಯರುಗಳು ಸಾಲುಗಟ್ಟಿ ಅಮೆರಿಕಕ್ಕೆ ಹೋಗಲು ದಾರಿಯಾದ ಕಾಯ್ದೆ ಆ ವರ್ಷದ್ದು. ಅಕ್ಟೋಬರ್ 3ರಂದು ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕೂತು ಸಹಿ ಹಾಕಿದರು. ಯುರೋಪಿನ ಕೆಲವು ದೇಶಗಳಿಗಷ್ಟೇ ಅನುಕೂಲವಾಗಿದ್ದ ಹಳೆಯ ಕೋಟಾ ಪದ್ಧತಿ ರದ್ದಾಯಿತು. ಸೆನೆಟ್‌ನಲ್ಲಿ ವಿರೋಧಿಸಿದ 18 ಜನರಲ್ಲಿ ಹೆಚ್ಚಿನವರು ಜಾನ್ಸನ್ನರದೇ ಪಕ್ಷದ ದಕ್ಷಿಣದ ಸೆನೆಟರುಗಳು.

ಈ ಕಾಯ್ದೆಯೊಳಗೆ ಒಂದು ತಮಾಷೆಯಿದೆ. ಸರ್ಕಾರ ತಂದ ಮೂಲ ಮಸೂದೆಯಲ್ಲಿ ವಿದ್ಯೆ, ಕೌಶಲ ಇರುವವರಿಗೆ ಮೊದಲ ಸ್ಥಾನವಿತ್ತು. ಕ್ಲೀವ್‌ಲೆಂಡಿನ ಮೈಕಲ್ ಫೀಗನ್ ಎಂಬ ಸಂಸದ, ಡೆಮಾಕ್ರಟ್ ಆದರೂ ಸಂಪ್ರದಾಯದ ಮನುಷ್ಯ, ವಲಸೆಯ ಉಪಸಮಿತಿಯ ಅಧ್ಯಕ್ಷರಾಗಿದ್ದರು. ಅವರು ಪಟ್ಟುಹಿಡಿದು, ಈಗಾಗಲೇ ಇಲ್ಲಿರುವವರ ಬಂಧುಗಳಿಗೆ ಮೊದಲ ಸ್ಥಾನ ಕೊಡಿಸಿದರು. ಲೆಕ್ಕ ಸರಳ: ದೇಶದಲ್ಲಿರುವವರು ಬಹುಪಾಲು ಯುರೋಪಿನವರು, ಅವರ ಅಣ್ಣತಮ್ಮ ಅಕ್ಕತಂಗಿಯರೇ ಬರುತ್ತಾರೆ, ದೇಶದ ಮುಖ ಇದ್ದಂತೆಯೇ ಇರುತ್ತದೆ. ಯುರೋಪಿನವರು ಬರಲಿಲ್ಲ. ಅಲ್ಲಿ ಯುದ್ಧದ ಗಾಯ ಮಾಸಿ ಬದುಕು ಚೆನ್ನಾಗಿ ನಡೆಯುತ್ತಿತ್ತು. ಕೌಶಲದ ಸಣ್ಣ ಕಿಂಡಿಯಲ್ಲಿ ಒಳಗೆ ಹೋದ ಏಷ್ಯಾದ ಡಾಕ್ಟರು, ಎಂಜಿನಿಯರು ಮೊದಲು ಹೆಂಡತಿಯನ್ನು, ಆಮೇಲೆ ತಮ್ಮನನ್ನು, ಆಮೇಲೆ ತಮ್ಮನ ಸಂಸಾರವನ್ನು ಕರೆಸಿಕೊಂಡರು. ಬಳಗವನ್ನು ಕರೆಸಿಕೊಳ್ಳುವ ವಿದ್ಯೆ ನಮಗೆ ಯಾರೂ ಕಲಿಸಬೇಕಿಲ್ಲವಲ್ಲ! ದೇಶದ ಮುಖ ಬದಲಾಗದಿರಲೆಂದು ಹಾಕಿದ ಷರತ್ತೇ ಅದನ್ನು ಬದಲಿಸಿತು. ಅಮೆರಿಕದಲ್ಲಿ ಎರಡು ಮೂರು ತಲೆಮಾರು ಕಂಡಿರುವ ಎಷ್ಟೋ ಕನ್ನಡ ಕುಟುಂಬಗಳು ಒಂದು ರೀತಿಯಲ್ಲಿ ಫೀಗನ್ನರಿಗೆ ಋಣಿ.

ಬಾವುಟಕ್ಕೆ ಮರಳುತ್ತೇನೆ. ಆ ಎರಡು ಮನೆಯ ಮಕ್ಕಳೂ ಶಾಲೆಯಲ್ಲಿ ಎದೆಯ ಮೇಲೆ ಕೈಯಿಟ್ಟು ಹೇಳುವ ಧ್ವಜ ಪ್ರತಿಜ್ಞೆಯನ್ನು ಇಂದು ಹೆಚ್ಚು ಅಕ್ಕರೆಯಿಂದ ಕಾಯುವವರು ಕನ್ಸರ್ವೇಟಿವ್‌ಗಳು. 1892ರಲ್ಲಿ ಅದನ್ನು ಬರೆದ ಫ್ರಾನ್ಸಿಸ್ ಬೆಲಮಿ ಬ್ಯಾಪ್ಟಿಸ್ಟ್ ಪಾದ್ರಿ, ಜೊತೆಗೆ ಸಮಾಜವಾದಿ. ಬಾಸ್ಟನ್ನಿನ ಒಂದು ಮಕ್ಕಳ ಪತ್ರಿಕೆಗಾಗಿ ಬರೆದರು. ಆ ಪತ್ರಿಕೆ ಶಾಲೆಗಳಿಗೆ ಬಾವುಟ ಮಾರುತ್ತಿತ್ತು. ಪಾದ್ರಿ ಬರೆದ ಪ್ರತಿಜ್ಞೆಯಲ್ಲಿ ದೇವರ ಹೆಸರಿರಲಿಲ್ಲ. ಅದು ಸೇರಿದ್ದು 1954ರಲ್ಲಿ, ಕಮ್ಯುನಿಸಂ ವಿರುದ್ಧದ ಶೀತಲ ಸಮರದ ಬಿಸಿಯಲ್ಲಿ.

ಈ ಪ್ರತಿಜ್ಞೆ ಹೇಳಲು ಒಪ್ಪದ ಯೆಹೋವನ ಸಾಕ್ಷಿ ಪಂಥದ ಇಬ್ಬರು ಮಕ್ಕಳನ್ನು ಪೆನ್ಸಿಲ್ವೇನಿಯಾದ ಮೈನರ್ಸ್‌ವಿಲ್ ಎಂಬ ಊರಿನ ಶಾಲೆ ಹೊರಹಾಕಿತು. 1940ರಲ್ಲಿ ಸುಪ್ರೀಂ ಕೋರ್ಟ್ ಎಂಟು ಮತ್ತು ಒಂದರ ಬಹುಮತದಿಂದ ಶಾಲೆಯೇ ಸರಿ ಎಂದಿತು. ಬಹುಮತದ ತೀರ್ಪು ಬರೆದವರು ರೂಸ್‌ವೆಲ್ಟರ ಆಪ್ತ, ವಿಯೆನ್ನಾದಲ್ಲಿ ಹುಟ್ಟಿ ಬಾಲ್ಯದಲ್ಲಿ ವಲಸೆ ಬಂದ ಫೆಲಿಕ್ಸ್ ಫ್ರ್ಯಾಂಕ್‌ಫರ್ಟರ್. ಒಂಟಿಯಾಗಿ ವಿರೋಧಿಸಿದವರು ರಿಪಬ್ಲಿಕನ್ ಅಧ್ಯಕ್ಷರು ನೇಮಿಸಿದ್ದ ಹಾರ್ಲನ್ ಸ್ಟೋನ್. ತೀರ್ಪಿನ ಬೆನ್ನಿಗೇ ಆ ಪಂಥದವರ ಮೇಲೆ ಊರೂರುಗಳಲ್ಲಿ ಹಲ್ಲೆಗಳಾದವು. ಮೂರೇ ವರ್ಷದಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಕೋರ್ಟ್ ತನ್ನ ತಪ್ಪನ್ನು ತಿದ್ದಿಕೊಂಡಿತು. 1943ರ ಜೂನ್ 14ರ ಆ ತೀರ್ಪು, ದೇಶಪ್ರೇಮವನ್ನು ಬಾಯಿಪಾಠ ಮಾಡಿಸಿ ಬೆಳೆಸಲಾಗದು ಎಂಬ ಅರ್ಥದ್ದು. 1986ರಲ್ಲಿ ಕೇರಳದ ಅದೇ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆ ಹಾಡದೆ ಸುಮ್ಮನೆ ನಿಂತ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟೂ ಮಕ್ಕಳ ಪರ ನಿಂತದ್ದು ಹಲವರಿಗೆ ನೆನಪಿರಬಹುದು.

1989ರಲ್ಲಿ ಬಾವುಟ ಸುಟ್ಟವನ ಮೊಕದ್ದಮೆ ಬಂತು. ಸುಡುವುದೂ ಅಭಿಪ್ರಾಯ ಸ್ವಾತಂತ್ರ್ಯವೇ ಎಂದು ಐದು ಮತ್ತು ನಾಲ್ಕರಲ್ಲಿ ತೀರ್ಪಾಯಿತು. ಆ ಐದರಲ್ಲಿ ಕನ್ಸರ್ವೇಟಿವ್‌ಗಳ ಗುರುಸ್ಥಾನದಲ್ಲಿದ್ದ ಆಂಟೊನಿನ್ ಸ್ಕಾಲಿಯಾ ಇದ್ದರು. ನಾಲ್ಕರಲ್ಲಿ, ಮುಂದೆ ಲಿಬರಲ್‌ಗಳ ಆಧಾರಸ್ತಂಭ ಎನಿಸಿಕೊಂಡ ಜಾನ್ ಪಾಲ್ ಸ್ಟೀವನ್ಸ್ ಇದ್ದರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿ ದುಡಿದವರು ಸ್ಟೀವನ್ಸ್.

ಇಷ್ಟೆಲ್ಲ ಅಡ್ಡಾದಿಡ್ಡಿ ಇದ್ದದ್ದು ಈಗ ಹೇಗೆ ಎರಡೇ ಗುಂಪಾಯಿತು? ವಿಚಿತ್ರವೆಂದರೆ ಒಂದು ಕಾಲದಲ್ಲಿ ವಿದ್ವಾಂಸರೇ ಇದನ್ನು ಬೇಡಿಕೊಂಡಿದ್ದರು. 1950ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞರ ಸಂಘದ ಸಮಿತಿಯೊಂದು ವರದಿ ಬರೆದು, ಎರಡೂ ಪಕ್ಷಗಳು ಒಂದೇ ಥರ ಇವೆ, ಮತದಾರನಿಗೆ ಆಯ್ಕೆಯೇ ಇಲ್ಲ, ಅವು ಇನ್ನಷ್ಟು ಸ್ಪಷ್ಟವಾಗಿ ಬೇರೆಯಾಗಬೇಕು ಎಂದು ಕೊರಗಿತ್ತು. ಆಗ ರಿಪಬ್ಲಿಕನ್ನರಲ್ಲಿ ನ್ಯೂಯಾರ್ಕಿನ ಲಿಬರಲ್‌ಗಳಿದ್ದರು, ಡೆಮಾಕ್ರಟರಲ್ಲಿ ಮಿಸಿಸಿಪ್ಪಿಯ ಕಟ್ಟಾ ಕನ್ಸರ್ವೇಟಿವ್‌ಗಳಿದ್ದರು.

ತಿರುವು 1964ರ ನಾಗರಿಕ ಹಕ್ಕುಗಳ ಕಾಯ್ದೆ. ಕೆಳಮನೆಯಲ್ಲಿ ಮೊದಲು ಮತಕ್ಕೆ ಹಾಕಿದಾಗ ಡೆಮಾಕ್ರಟರು 152 ಪರ, 96 ವಿರುದ್ಧ. ರಿಪಬ್ಲಿಕನ್ನರು 138 ಪರ, 34 ವಿರುದ್ಧ. ಪ್ರಮಾಣ ನೋಡಿದರೆ ರಿಪಬ್ಲಿಕನ್ನರೇ ಮುಂದೆ. ಆದರೆ ಅದೇ ವರ್ಷ ಆ ಪಕ್ಷ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದ್ದು ಕಾಯ್ದೆಯನ್ನು ವಿರೋಧಿಸಿದ್ದ ಬ್ಯಾರಿ ಗೋಲ್ಡ್‌ವಾಟರ್ ಅವರನ್ನು. ಅವರು ಹೀನಾಯವಾಗಿ ಸೋತರು. ಗೆದ್ದದ್ದು ಆರೇ ರಾಜ್ಯ: ತಮ್ಮ ಅರಿಜೋನಾ, ಮತ್ತೆ ದಕ್ಷಿಣದ ಐದು. ಆ ಐದು ರಾಜ್ಯಗಳು ಸೋಲಿನೊಳಗಿನ ಸುದ್ದಿಯಾಗಿದ್ದವು. ಮುಂದಿನ ಮೂವತ್ತು ವರ್ಷಗಳಲ್ಲಿ ದಕ್ಷಿಣದ ಬಿಳಿಯರು ಒಬ್ಬೊಬ್ಬರಾಗಿ ರಿಪಬ್ಲಿಕನ್ ಕಡೆಗೆ, ಈಶಾನ್ಯದ ಲಿಬರಲ್‌ಗಳು ಡೆಮಾಕ್ರಟರ ಕಡೆಗೆ ನಡೆದರು. ಚರ್ಚು, ಬಂದೂಕು, ಗರ್ಭಪಾತ, ವಲಸೆ, ಒಂದೊಂದು ಪ್ರಶ್ನೆಯೂ ಪಕ್ಷದ ಗುರುತಾಯಿತು. ವಿದ್ವಾಂಸರ ವರ ಫಲಿಸಿತು.

ಕೆಂಪು, ನೀಲಿ ಎಂಬ ಬಣ್ಣಗಳೂ ಹಳೆಯವಲ್ಲ. 1976ರಲ್ಲಿ ಎನ್‌ಬಿಸಿ ಟೀವಿಯ ನಕ್ಷೆಯಲ್ಲಿ ರಿಪಬ್ಲಿಕನ್ ಫೋರ್ಡ್ ನೀಲಿ, ಡೆಮಾಕ್ರಟ್ ಕಾರ್ಟರ್ ಕೆಂಪು. 2000ದ ಚುನಾವಣೆಯಲ್ಲಿ ಫ್ಲೋರಿಡಾದ 537 ಮತಗಳ ಅಂತರಕ್ಕಾಗಿ ವಾರಗಟ್ಟಲೆ ಜಗ್ಗಾಟ ನಡೆದಾಗ, ದಿನವೂ ಟೀವಿಯಲ್ಲಿ ಒಂದೇ ನಕ್ಷೆ ಕಂಡು ಕಂಡು ಕೆಂಪು ಅಂದರೆ ರಿಪಬ್ಲಿಕನ್ ಎಂದು ನಿಂತುಬಿಟ್ಟಿತು. ಕೆಂಬಾವುಟವೆಂದರೆ ಕಮ್ಯುನಿಸ್ಟರು ಎಂದು ಬೆಳೆದ ನನ್ನಂಥವರಿಗೆ ಇದು ಇಂದಿಗೂ ಗೊಂದಲ.

ಒಂದು ಅಂಕಿಯನ್ನು ಮಾತ್ರ ಹೇಳಲೇಬೇಕು. ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ಬೇಸರವೇ ಎಂದು 1960ರಲ್ಲಿ ಕೇಳಿದಾಗ ಹೌದು ಎಂದವರು ನೂರಕ್ಕೆ ನಾಲ್ಕೈದು ಜನ. 2010ರಲ್ಲಿ ಅಂಥದೇ ಪ್ರಶ್ನೆಗೆ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧದಷ್ಟು, ಡೆಮಾಕ್ರಟರಲ್ಲಿ ಮೂರನೇ ಒಂದರಷ್ಟು ಜನ ಹೌದು ಎಂದರು. ಸಂಬಂಧ ಬೆಳೆಸುವ ಮುಂಚೆ ಕುಲ ಕೇಳುವುದು ನಮಗೆ ಗೊತ್ತಿರುವ ವಿಷಯ. ಪಕ್ಷವೆಂಬುದು ಅಭಿಪ್ರಾಯವಾಗಿದ್ದದ್ದು ಅಲ್ಲಿ ಕುಲವಾಗಿದೆ. ನನಗೆ ಭಯ ಹುಟ್ಟಿಸುವುದು ಇದು. ಅಭಿಪ್ರಾಯವಾಗಿದ್ದರೆ ಹಾರ್ಲನ್ನರಂತೆ ಒಂದು ವಿಷಯದಲ್ಲಿ ಅತ್ತ, ಒಂದು ವಿಷಯದಲ್ಲಿ ಇತ್ತ ಇರಬಹುದು. ಸ್ಕಾಲಿಯಾರಂತೆ ತನ್ನವರಿಗೆ ಬೇಸರವಾಗುವ ಮತ ಹಾಕಬಹುದು. ಕುಲದಲ್ಲಿ ಅದಕ್ಕೆ ಜಾಗ ಕಡಿಮೆ.

ಲಿಬರಲ್‌ಗಳ ಪಾಲಿನ ತಪ್ಪನ್ನೂ ಹೇಳಬೇಕು. ವಿಯೆಟ್ನಾಂ ಯುದ್ಧದ ನಂತರ ಅವರಲ್ಲಿ ಹಲವರು ಬಾವುಟವನ್ನು, ದೇಶದ ಹೆಮ್ಮೆಯನ್ನು ಎದುರು ಪಕ್ಷಕ್ಕೆ ಬಿಟ್ಟುಕೊಟ್ಟರು. ಎಡಪಂಥದ ತತ್ವಜ್ಞಾನಿ ರಿಚರ್ಡ್ ರಾರ್ಟಿ 1998ರಲ್ಲಿ ಇದಕ್ಕಾಗಿಯೇ ತನ್ನವರನ್ನು ಬಯ್ದು ಪುಸ್ತಕ ಬರೆದರು. ಇನ್ನು 2004ರಲ್ಲಿ, ಅಮೆರಿಕದ ಗುರುತು ಆಂಗ್ಲೋ-ಪ್ರಾಟೆಸ್ಟಂಟ್ ಸಂಸ್ಕೃತಿಯಲ್ಲಿದೆ, ವಲಸೆಯಿಂದ ಅದಕ್ಕೆ ಅಪಾಯವಿದೆ ಎಂದು ಬರೆದ ಸ್ಯಾಮ್ಯುಯೆಲ್ ಹಂಟಿಂಗ್‌ಟನ್ ಬದುಕಿಡೀ ಡೆಮಾಕ್ರಟ್ ಆಗಿದ್ದವರು.

ಹೀಗೆಲ್ಲ ಓದಿಕೊಂಡು ಜನವರಿ ಕೊನೆಯಲ್ಲಿ ಅಕ್ಕನ ಮಗಳಿಗೆ ಫೋನು ಮಾಡಿದೆ. ಅಷ್ಟರಲ್ಲಿ ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶರೊಬ್ಬರು ಆದೇಶ ಹೊರಟ ಮೂರನೇ ದಿನಕ್ಕೇ ಅದಕ್ಕೆ ತಡೆ ಹಾಕಿದ್ದರು. "ಅವರನ್ನ ನೇಮಿಸಿದ್ದು ಯಾರು ಗೊತ್ತಾ? ರೇಗನ್" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮಾಮಾ, ಇಂಡಿಯಾದಲ್ಲಿ ಹೇಗೆ? ಅಲ್ಲಿ ಹುಟ್ಟಿದ್ರೆ ಸಾಕಾ?" ಎಂದು ಕೇಳಿದಳು.

ಸಾಕಾಗುವುದಿಲ್ಲ. 1987ರ ಜುಲೈ ತನಕ ಭಾರತದಲ್ಲಿ ಹುಟ್ಟಿದರೆ ಸಾಕಿತ್ತು. ಆಮೇಲೆ ತಂದೆತಾಯಿಯಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು ಎಂದಾಯಿತು. 2004ರ ಡಿಸೆಂಬರಿನಿಂದ ಇಬ್ಬರೂ ಪ್ರಜೆಗಳಾಗಿರಬೇಕು, ಅಥವಾ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಇತಿಹಾಸದ ಮೇಷ್ಟರಾದ ನನ್ನ ಸರ್ವೀಸಿನಲ್ಲೇ ಇವೆರಡೂ ನಡೆದವು. ಎರಡು ಸಲವೂ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಮಾತೂ ಬರಲಿಲ್ಲ. ಇದನ್ನು ಅವಳಿಗೆ ಹೇಳಿದೆ. ಅವಳು ನಕ್ಕಳೋ ನಿಟ್ಟುಸಿರುಬಿಟ್ಟಳೋ ಫೋನಿನಲ್ಲಿ ತಿಳಿಯಲಿಲ್ಲ.

ಮಾರ್ಚ್ 27ಕ್ಕೆ ಹೆಣ್ಣು ಮಗು ಹುಟ್ಟಿತು. ಕೋರ್ಟುಗಳ ತಡೆ ಜಾರಿಯಲ್ಲಿದ್ದುದರಿಂದ ಮೇ ತಿಂಗಳಲ್ಲಿ ಪಾಸ್‌ಪೋರ್ಟ್ ಬಂತು. ಕಣ್ಣು ಮುಚ್ಚಿಕೊಂಡು ಬಿಡದ ಮಗುವಿನ ಫೋಟೊ ತೆಗೆಯಲು ಅರ್ಧ ದಿನ ಹಿಡಿಯಿತಂತೆ. ಡಿಸೆಂಬರಿಗೆ ಊರಿಗೆ ಕರೆತರಬೇಕು. ಅಮೆರಿಕದ ಪಾಸ್‌ಪೋರ್ಟಿನ ಮಗು ಇಲ್ಲಿಗೆ ಬರಬೇಕಾದರೆ ವೀಸಾ ಬೇಕು, ಇಲ್ಲವೇ ಸಾಗರೋತ್ತರ ಭಾರತೀಯರ ಓಸಿಐ ಕಾರ್ಡು. ಅರ್ಜಿಯಲ್ಲಿ ಏನೇನು ಕೇಳಿದ್ದಾರೆ ಎಂದು ನಾನು ಕಂಪ್ಯೂಟರಿನ ಮುಂದೆ ಕೂತು ನೋಡುತ್ತಿದ್ದೆ. ಅಕ್ಕ ಹಿಂದಿನಿಂದ ಬಂದು ಇಣುಕಿದಳು.

"ನನ್ನ ಮೊಮ್ಮಗಳು ನನ್ನ ಮನೆಗೆ ಬರೋಕೂ ಅರ್ಜಿ ಹಾಕ್ಬೇಕೇನೋ?"

"ಹೂಂ ಅಕ್ಕ. ಅಪ್ಪ ಅಮ್ಮನ ಪಾಸ್‌ಪೋರ್ಟಿನ ಪ್ರತಿ ಬೇಕಂತೆ. ಮಗೂದು ಇನ್ನೊಂದು ಫೋಟೊ ಬೇಕಂತೆ, ಕಣ್ಣು ಬಿಟ್ಟಿರಬೇಕು."